ಐದರ ಮಗ್ಗಿ

ನೀಲಿ ತಟ್ಟೆಯ ಮೇಲೆ ಮಾತ್ರೆ ಸುರಿದು
ಪ್ಲಾಸ್ಟಿಕ್ ಸಟ್ಟುಗದಲ್ಲಿ
ಐದೈದಾಗಿ ಆಚೆ ತಳ್ಳುತ್ತೇನೆ.
ಐದೊಂದ್ಲೆ ಐದು, ಐದೆರಡ್ಲೆ ಹತ್ತು.
ಟೊಲಿಡೊದ ಈ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ,
ಅವರ ರಕ್ತದೊತ್ತಡ, ಅವರ ಸಕ್ಕರೆ, ಅವರ ನಿದ್ದೆ
ಎಲ್ಲ ಎಣಿಕೆಯಾಗುವುದು
ಬಾಗಲಕೋಟೆಯ ಎರಡನೇ ಇಯತ್ತೆಯ ರಾಗದಲ್ಲಿ.
ಐದಾರ್ಲೆ ಮೂವತ್ತು. ಡಬ್ಬಿಗೆ ಮುಚ್ಚಳ.
ಮುಂದಿನವರು.

ಎದೆಯ ಮೇಲಿನ ಬಿಲ್ಲೆಯಲ್ಲಿ ‘ನೀಲಾ’ ಅಷ್ಟೇ,
ಕೆಳಗೆ ‘ಟೆಕ್ನಿಷಿಯನ್’.
ಗಂಗೆಗೆ ಜಾಗ ಸಾಲಲಿಲ್ಲ.
ಪಾಸ್‌ಪೋರ್ಟಿನಲ್ಲಿ ನೀಲಗಂಗಾ,
ಪದವಿಪತ್ರದಲ್ಲಿ ನೀಲಗಂಗವ್ವ,
ಇಬ್ಬರೂ ಒಬ್ಬಳೇ ಎಂದು
ನೂರು ರೂಪಾಯಿಯ ಛಾಪಾಕಾಗದದ ಮೇಲೆ
ಪ್ರಮಾಣ ಮಾಡಿ ಕಳಿಸಿದೆ.
ಏಳು ತಿಂಗಳು ಯೋಚಿಸಿ ಒಪ್ಪಿದರು.

ಅಂಕಪಟ್ಟಿ ನನ್ನ ಕೈ ಮುಟ್ಟಕೂಡದು.
ವಿಶ್ವವಿದ್ಯಾಲಯವೇ ಲಕೋಟೆಗೆ ಹಾಕಿ,
ಅಂಟಿಸಿದ ಬಾಯಿಯ ಮೇಲೆ ಮೊಹರು ಒತ್ತಿ,
ನೆಟ್ಟಗೆ ಅಮೆರಿಕಕ್ಕೆ ಕಳಿಸಬೇಕು.
ಪರೀಕ್ಷಾ ವಿಭಾಗದ ಹುಣಶೀಕಟ್ಟಿಯವರಿಗೆ
ಹನ್ನೊಂದು ಸಲ ಫೋನು ಮಾಡಿದೆ,
ನನ್ನ ನಡುರಾತ್ರಿ, ಅವರ ಚಹಾದ ಹೊತ್ತು.
“ಮೇಡಂ, ಸಿಕ್ಕಾ ಒತ್ತೋ ಸಾಹೇಬ್ರು ರಜಾ ಅದಾರ್ರಿ.”
“ಮೇಡಂ, ಒಳಗ ಸಿಕ್ಕಾ ಐತಲ್ಲ, ಮತ್ತ ಕವರಿನ ಮ್ಯಾಲ ಯಾಕ್ರಿ?”
ಕೊನೆಗೆ ಒತ್ತಿದರು. ಒಂದಲ್ಲ, ಆರು ಕಡೆ.
ಒತ್ತಿದ ಸದ್ದನ್ನು ಫೋನಿನಲ್ಲಿ ಕೇಳಿಸಿದರು,
ಪುಣ್ಯಾತ್ಮ.

ನನ್ನದು ನಾಲ್ಕು ವರ್ಷದ ಬಿ.ಫಾರ್ಮ್,
ಎರಡು ಸಾವಿರದ ಎರಡರ ಬ್ಯಾಚು.
ಮರುವರ್ಷದಿಂದ ಐದು ವರ್ಷ ಓದಿದವರಿಗೆ ಮಾತ್ರ ಇಲ್ಲಿ ಬಾಗಿಲು.
ಫಾರ್ಮಕಾಲಜಿಯಲ್ಲಿ ಎರಡೇ ಅಂಕ ಕಮ್ಮಿ ಬಿದ್ದಿದ್ದರೆ
ನಾನೂ ಆಚೆಯೇ.
ಗೆಳತಿ ಮೆಹಜಬೀನ್, ನನಗಿಂತ ಜಾಣೆ,
ಕಾಮಾಲೆಯಾಗಿ ಆ ವರ್ಷ ಪರೀಕ್ಷೆ ತಪ್ಪಿಸಿಕೊಂಡವಳು,
ಡೆಟ್ರಾಯ್ಟಿನಲ್ಲಿ ಹುಬ್ಬು ತಿದ್ದುತ್ತಾಳೆ.

ಊರಿನ ಪ್ಯಾರಸಿಟಮಾಲ್
ಇಲ್ಲಿ ಅಸಿಟಮಿನೊಫೆನ್.
ಹೆಸರು ಬದಲಾಯಿತೆಂದು ಜ್ವರ ಇಳಿಸುವುದಕ್ಕೆ
ಅದಕ್ಕೆ ಯಾರೂ ಪರೀಕ್ಷೆ ಇಟ್ಟಿಲ್ಲ.

ಫೆಬ್ರವರಿ. ಡ್ರೈವ್-ಥ್ರೂ ಕಿಟಕಿಯಾಚೆ ಹಿಮ.
ಹಳೆಯ ಜೀಪಿನಲ್ಲಿ ಮಿಸ್ಟರ್ ಡೊಂಬ್ರೊವ್‌ಸ್ಕಿ,
ಲಿಸಿನೊಪ್ರಿಲ್ ಮೂವತ್ತು, ಜೊತೆಗೆ ಮತ್ತೆ ಕೆಮ್ಮಿನ ಔಷಧಿ.
ಎರಡು ತಿಂಗಳಲ್ಲಿ ನಾಲ್ಕನೇ ಬಾಟಲಿ.
ಒಣ ಕೆಮ್ಮು ಮೈಕಿನೊಳಗೆ ಗೀರುತ್ತದೆ.
ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಯಾಗಿದ್ದರೆ
ಪಟ್ಟಿ ಕತ್ತರಿಸುವ ಕತ್ತರಿ ಕೆಳಗಿಟ್ಟು ಹೇಳಿಬಿಡುತ್ತಿದ್ದೆ:
“ಕಾಕಾ, ಕೆಮ್ಮು ಎದೀದಲ್ಲ, ಈ ಗುಳಿಗೀದು.
ಡಾಕ್ಟರಿಗೆ ಹೇಳಿ ಬದಲ ಮಾಡಸ್ರಿ.”
ಇಲ್ಲಿ ನನ್ನ ಬಾಯಿಗೂ ಮೊಹರು.
ಕೇಳಬಹುದಾದದ್ದು ಒಂದೇ ವಾಕ್ಯ:
ಫಾರ್ಮಸಿಸ್ಟ್ ಜೊತೆ ಮಾತಾಡಬೇಕೆ?
ಬೇಡ, ಅಂದ. ಹಿಂದಿನ ಕಾರು ಹಾರ್ನ್ ಒತ್ತಿತು.
ಮತ್ತೆ ಕೇಳಿದೆ. ಬೇಡ.
ಡಬ್ಬಿಯನ್ನು ಕಿಟಕಿಯ ಈಚೆಗೇ ಹಿಡಿದುಕೊಂಡು
ಮೂರನೆಯ ಸಲವೂ ಅದೇ ವಾಕ್ಯ.
ಆಣೆ ಮಾಡಿ ಹೇಳುತ್ತೇನೆ, ಒಂದಕ್ಷರ ಹೆಚ್ಚಿಲ್ಲ,
ಆದರೆ ಕೇಳಿದ ಧಾಟಿ ನಮ್ಮವ್ವನದು,
ಸಾಕೆಂದವರ ತಾಟಿಗೆ ಅವಳು ಇನ್ನೊಂದು ರೊಟ್ಟಿ ಹಾಕುವಾಗಿನದು.
ಮುದುಕ ನನ್ನನ್ನೇ ನೋಡಿದ.
ಸರಿ, ಕರೆ ಅವನನ್ನ, ಅಂದ.

ಬ್ರೆಟ್ ಬಂದ. ಇಪ್ಪತ್ತಾರರ ಹುಡುಗ, ಒಳ್ಳೆಯವ.
ಬರುವ ದಾರಿಯ ನಾಲ್ಕು ಹೆಜ್ಜೆಯೊಳಗೆ
ಅವನ ಕಿವಿಗೆ ಎರಡು ಶಬ್ದ ಹಾಕಿದೆ.

ಮಾರ್ಚಿನಲ್ಲಿ ಬೇರೆ ಮಾತ್ರೆ. ಮೈಕಿನಲ್ಲಿ ಕೆಮ್ಮಿಲ್ಲ.
“ಆ ಹುಡುಗ ಬಲು ಬುದ್ಧಿವಂತ, ನಾನಂದೆ ಅಂತ ಹೇಳು.”
ಹೇಳ್ತೀನಿ, ಅಂದೆ.
ಹೇಳಿದೆ ಕೂಡ.

ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ಅದಾದರೆ ಸಾವಿರದೈನೂರು ತಾಸಿನ ಉಮೇದುವಾರಿ.
ಐದರ ಮಗ್ಗಿಯಲ್ಲಿ ಅದು ಎಷ್ಟನೆಯ ಸಾಲಿಗೆ ಬರುತ್ತದೆಂದು
ಯೋಚಿಸಹೋಗಿ ಕೈಯೊಳಗಿನ ಎಣಿಕೆ ತಪ್ಪಿತು.
ಎಲ್ಲ ಮಾತ್ರೆ ಮತ್ತೆ ತಟ್ಟೆಗೆ.
ಐದೊಂದ್ಲೆ